ಧೂಮಕೇತುವಿನ ಕಾಣದ ಬೆಳಕು

ಬಾನಿನಲ್ಲಿ ಬಾಲಚುಕ್ಕೆ ಮೂಡಿದರೆ ಅರಸನಿಗೆ ಅಳಿವೆಂದೂ ನಾಡಿಗೆ ಬರವೆಂದೂ ನಮ್ಮ ಹಿರಿಯರು ಅಂಜುತ್ತಿದ್ದರು. ಅದನ್ನು ದುಶ್ಶಕುನವೆಂದು ಬಗೆಯುವವರು ಈಗಲೂ ಇಲ್ಲದಿಲ್ಲ. ಆದುದರಿಂದ ಧೂಮಕೇತುವಿನ ನಿಜಸ್ವರೂಪವನ್ನು ವಿದ್ವಾಂಸರು ಅರಿತುಕೊಂಡ ಬಗೆಯನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಇಲ್ಲಿ ಸಂಕ್ಷೇಪವಾಗಿ ತಿಳಿಸಲು ಯತ್ನಿಸುವೆವು.

ಧೂಮಕೇತುವಿನ ಒಡಲು ಮಂಜುಗಡ್ಡೆಯೂ ಧೂಳೂ ಬೆರೆತ ಒಂದು ಉಂಡೆ. ಅದು ಸೂರ್ಯನನ್ನು ಸಮೀಪಿಸಿದಾಗ ಬಿಸಿಲಿನ ತಾಪದಿಂದ ಮಂಜು ಆವಿಯಾಗಿ ಹೊರಹೊಮ್ಮುವುದು. ಸೂರ್ಯಕಿರಣಗಳ ಹೊಡೆತಕ್ಕೆ ಆ ನೀರಾವಿಯ ಕಣಗಳು ಒಡೆದು, ಜಲಜನಕದ ಪರಮಾಣುಗಳು ಬಿಡುಗಡೆಯಾಗುವುವು. ಈ ಪರಮಾಣುಗಳು ಸೂರ್ಯನ ಬೆಳಕನ್ನು ಹೀರಿ ಮರಳಿ ಸೂಸುವುವಷ್ಟೆ. ಆದರೆ ಅವು ಅತ್ಯಂತ ಪ್ರಬಲವಾಗಿ ಸೂಸುವ ಬೆಳಕು ನಮ್ಮ ಕಣ್ಣಿಗೆ ಗೋಚರಿಸದು. ಅದರ ಅಲೆಯುದ್ದ 121.6 ನ್ಯಾನೋಮೀಟರು, ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೋಮೀಟರು. ನೇರಳೆ ಬಣ್ಣದ ಆಚೆಗಿರುವ ಇಂತಹ ಬೆಳಕಿಗೆ ನೇರಳಾತೀತ ಕಿರಣವೆಂದು ಹೆಸರು.

ಇಂತಹ ಕಿರಣಗಳಲ್ಲಿ ಬಹುಪಾಲನ್ನು ಭೂಮಿಯ ವಾಯುಮಂಡಲವು ತಡೆದುಬಿಡುವುದು. ಜೀವಿಗಳಿಗೆ ಇದು ದೊಡ್ಡ ರಕ್ಷಣೆ. ಖಗೋಳಶಾಸ್ತ್ರಜ್ಞರಿಗೋ ಮುಚ್ಚಿದ ಬಾಗಿಲು. ಎಷ್ಟು ಎತ್ತರದ ಬೆಟ್ಟದ ಮೇಲೆ ದೂರದರ್ಶಕವನ್ನು ನಿಲ್ಲಿಸಿದರೂ ಈ ಬೆಳಕು ದೊರೆಯದು. ವಾಯುಮಂಡಲದ ಆಚೆಗೆ ಯಂತ್ರವನ್ನು ಕಳುಹಿಸುವುದೊಂದೇ ದಾರಿ.

1970ರಲ್ಲಿ ಆ ಬಾಗಿಲು ತೆರೆಯಿತು. ಅಮೆರಿಕದ ಒಂದು ಉಪಗ್ರಹವು ಟಾಗೊ-ಸಾಟೊ-ಕೊಸಾಕ ಎಂಬ ಧೂಮಕೇತುವನ್ನು ಈ ಬೆಳಕಿನಲ್ಲಿ ನೋಡಿದಾಗ, ಅದರ ಸುತ್ತಲೂ ಸೂರ್ಯಬಿಂಬಕ್ಕೆ ಹೋಲಿಸಬಹುದಾದಷ್ಟು ವಿಶಾಲವಾದ ಜಲಜನಕದ ಮೋಡವು ಕಾಣಿಸಿತು. ಕೆಲವೇ ಕಿಲೋಮೀಟರು ಅಗಲದ ಒಡಲಿನಿಂದ ಅಷ್ಟು ದೊಡ್ಡ ಮೋಡ! ಮೋಡದ ಹೊಳಪನ್ನು ಅಳೆದರೆ, ಪ್ರತಿ ಕ್ಷಣವೂ ಎಷ್ಟು ನೀರು ಹೊರಬೀಳುತ್ತಿದೆಯೆಂಬುದನ್ನು ಲೆಕ್ಕಹಾಕಬಹುದು. 1985–86ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಜಪಾನಿನ ಸುಯಿಸೆಯಿ ನೌಕೆಯು ಇದೇ ಬೆಳಕಿನಲ್ಲಿ ಅದನ್ನು ಪರೀಕ್ಷಿಸಿ, ಹೊಳಪು ಸುಮಾರು 53 ಗಂಟೆಗಳಿಗೊಮ್ಮೆ ಏರಿ ಇಳಿಯುವುದನ್ನು ಕಂಡಿತು. ಧೂಮಕೇತುವು ತಿರುಗುತ್ತಿದ್ದು, ಅದರ ಮೈಯ ಕೆಲವು ಭಾಗಗಳು ಬಿಸಿಲಿಗೆ ಬಂದಾಗಲೆಲ್ಲ ಹೆಚ್ಚು ಆವಿಯನ್ನು ಚಿಮ್ಮಿಸುತ್ತಿದ್ದುವೆಂದು ಇದರಿಂದ ಊಹಿಸಲಾಯಿತು.

ಇಷ್ಟು ಶ್ರಮವೇಕೆಂದು ವಾಚಕರು ಕೇಳಬಹುದು. ಕೆರೆ ತುಂಬಿತೇ ಇಲ್ಲವೇ ಎಂದು ವರ್ಷವರ್ಷವೂ ನೋಡುವ ನಮ್ಮ ಹೋಳೂರಿನ ಸೀಮೆಯವರಿಗೆ ನೀರಿನ ಬೆಲೆಯನ್ನು ಹೇಳಿಕೊಡಬೇಕಾದುದಿಲ್ಲ. ಭೂಮಿಗೆ ಆ ನೀರು ಎಲ್ಲಿಂದ ಬಂದಿತು? ಆದಿಯಲ್ಲಿ ಧೂಮಕೇತುಗಳು ಅದರಲ್ಲಿ ಒಂದು ಪಾಲನ್ನಾದರೂ ತಂದುವೇ? ಹಾರ್ಟ್ಲಿ-2 ಎಂಬುದರ ನೀರು ನಮ್ಮ ಸಮುದ್ರದ ನೀರನ್ನು ಬಹುಮಟ್ಟಿಗೆ ಹೋಲುವುದೆಂದು 2011ರಲ್ಲಿ ಪ್ರಕಟವಾಯಿತು. 2014ರಲ್ಲಿ ರೊಸೆಟ್ಟಾ ನೌಕೆಯು ಬೇರೊಂದು ಧೂಮಕೇತುವಿನ ಆವಿಯನ್ನು ಅಳೆದಾಗ, ಅದರಲ್ಲಿ ಭಾರ ಜಲಜನಕದ ಪ್ರಮಾಣವು ಸಮುದ್ರದಲ್ಲಿರುವುದರ ಸುಮಾರು ಮೂರರಷ್ಟು ಕಂಡಿತು. ಈ ಅಳತೆಗಳು ಬೇರೆ ಉಪಕರಣಗಳಿಂದಾದುವು. ಒಂದೆರಡನ್ನು ನೋಡಿ ತೀರ್ಪು ಕೊಡಲಾಗದೆಂಬುದು ಇದರಿಂದ ಸ್ಪಷ್ಟ.

ಈ ವಿದ್ಯೆ ಪರದೇಶದವರದೇ ಎಂದು ತಿಳಿಯಬೇಕಾಗಿಲ್ಲ. ಕೋಲಾರದಿಂದ ಬೆಂಗಳೂರಿಗೆ ಹೋಗುವ ಹಾದಿಯಲ್ಲಿರುವ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಪ್ರಯೋಗಶಾಲೆಯುಂಟು. ನೇರಳಾತೀತ ಕಿರಣಗಳನ್ನು ಹಿಡಿಯುವ ಎರಡು ದೂರದರ್ಶಕಗಳನ್ನು ಅಲ್ಲಿ ಜೋಡಿಸಿ ಪರೀಕ್ಷಿಸಿದರು. ಅವು 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಶ್ರೀಹರಿಕೋಟೆಯಿಂದ ಮೇಲೇರಿದುವು. ಅವು ಮುಖ್ಯವಾಗಿ ನಕ್ಷತ್ರಗಳಿಗೂ ನಕ್ಷತ್ರಸಮೂಹಗಳಿಗೂ ಉದ್ದೇಶಿಸಿದವು. ಜಲಜನಕದ ಮೇಲ್ಕಂಡ ಬೆಳಕು ಅವುಗಳ ವ್ಯಾಪ್ತಿಗೆ ಸೇರದು. ಆದರೂ ಧೂಮಕೇತುಗಳ ಅಂಗಾರಕವು ಸೂಸುವ ಕೆಲವು ಬೆಳಕುಗಳು ಆ ವ್ಯಾಪ್ತಿಯೊಳಗಿವೆ. ಈ ಸಂಸ್ಥೆಯನ್ನು ಕಟ್ಟಿದ ವೇಣು ಬಪ್ಪು ಅವರು 1949ರಲ್ಲಿ, ತಾವು ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಒಂದು ಧೂಮಕೇತುವನ್ನು ಕಂಡುಹಿಡಿದಿದ್ದರು.

ಹೆಣ್ಣುಮಕ್ಕಳಿಗೆ ಗಣಿತವೂ ವಿಜ್ಞಾನವೂ ಏತಕ್ಕೆಂದು ಕೇಳುವವರಿಗೆ ಒಂದು ಮಾತು. ಕ್ಯಾರೊಲಿನ್ ಹರ್ಷೆಲ್ ಎಂಬ ಮಹಿಳೆ 1786ರಲ್ಲಿ ತಮ್ಮ ಮೊದಲನೆಯ ಧೂಮಕೇತುವನ್ನು ಕಂಡರು. ಒಟ್ಟು ಎಂಟನ್ನು ಕಂಡುಹಿಡಿದ ಕೀರ್ತಿ ಅವರದು. ದೇವರ ಸೃಷ್ಟಿಯನ್ನು ಅರಿಯುವ ಬುದ್ಧಿ ಗಂಡಿಗೂ ಹೆಣ್ಣಿಗೂ ಸಮನಾಗಿಯೇ ದೊರೆತಿದೆ. ಪೋಷಕರು ತಮ್ಮ ಹುಡುಗಿಯರ ಓದನ್ನು ನಡುವೆ ನಿಲ್ಲಿಸದಿರಲೆಂದೂ, ಮುಂದೆ ಬಾಲಚುಕ್ಕೆ ಮೂಡಿದ ದಿನ ಮನೆಯವರನ್ನೆಲ್ಲ ಅಂಗಳಕ್ಕೆ ಕರೆದು ಅದರ ವೃತ್ತಾಂತವನ್ನು ಆ ಹುಡುಗಿಯರೇ ತಿಳಿಸುವಂತಾಗಲೆಂದೂ ಹಾರೈಸುವೆವು.