ಚಿಪ್ಪು ಹಲವು, ಗಳಿಗೆ ಒಂದು

ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ಮೆತ್ತಗಾಗುವ ಕಾಲದಲ್ಲಿ, ರಾಜಾಜಿನಗರದ ಯಾವುದಾದರೊಂದು ಬ್ಲಾಕಿನಲ್ಲಿ, ಹಳೆಯ ಮನೆಯೊಂದನ್ನು ಕೆಡವಿ ಹೊಸ ಕಟ್ಟಡಕ್ಕೆ ಪಾಯ ತೋಡುತ್ತಿರುವಾಗ, ಹಾರೆಯ ತುದಿಗೆ ಹಿತ್ತಿಲ ಕಲ್ಲುಸಂದಿಯೊಂದು ತೆರೆದುಕೊಂಡು, ಅದರೊಳಗೆ ಒಂದಕ್ಕೊಂದು ಅಂಟಿಕೊಂಡ ಬಿಳಿಯ ಮೊಟ್ಟೆಗಳ ಗೊಂಚಲು ಕಾಣಿಸಿಕೊಳ್ಳುವುದುಂಟು. ಕೆಲಸ ನಿಲ್ಲುತ್ತದೆ. ಒಬ್ಬರು ಕೈಮುಗಿದರೆ ಇನ್ನೊಬ್ಬರು ಸೀಮೆಎಣ್ಣೆಯ ಮಾತೆತ್ತುತ್ತಾರೆ. ವಿವೇಕಿಯೊಬ್ಬರಿದ್ದರೆ ಹಾವು ರಕ್ಷಕರಿಗೆ ಕರೆ ಹೋಗುತ್ತದೆ. ಅಲ್ಲಿಂದ ಮುಂದೆ ಆ ಮೊಟ್ಟೆಗಳನ್ನು ತಾಯಿಯ ಸ್ಥಾನದಲ್ಲಿ ನಿಂತು ಕಾಯುವ ಕೆಲಸವೊಂದು ಆರಂಭವಾಗುತ್ತದೆ. ಸದ್ದಿಲ್ಲದೆ ನಡೆಯುವ, ಆದುದರಿಂದಲೇ ಹೆಚ್ಚು ಮಂದಿಗೆ ತಿಳಿಯದ ಆ ಕೌಶಲವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಬೆಂಗಳೂರಿನ ಪಶ್ಚಿಮ ಭಾಗವೆಲ್ಲ ವೃಷಭಾವತಿಯ ಕಣಿವೆ. ಹೊಳೆ ಮೋರಿಯಾಗಿ, ತೋಟಗಳು ಬೀದಿಗಳಾಗಿ ಮಾರ್ಪಟ್ಟರೂ, ಇಲಿಯನ್ನೂ ಕಪ್ಪೆಯನ್ನೂ ಅರಸಿ ಬದುಕುವ ಹಾವುಗಳು ಈ ನೆಲವನ್ನು ತೊರೆದಿಲ್ಲ. ನಾಗರಹಾವು, ಕೇರೆಹಾವು, ನೀರೊಳ್ಳೆಹಾವು ಇವೆಲ್ಲ ಮೊಟ್ಟೆಯಿಡುವಂಥವು. ಕೊಳಕುಮಂಡಲವಾದರೋ ಮರಿಗಳನ್ನೇ ಹೆರುತ್ತದೆ. ನಾಗರಹಾವು ಸಾಮಾನ್ಯವಾಗಿ 12ರಿಂದ 30 ಮೊಟ್ಟೆಗಳನ್ನಿಟ್ಟು ಅವುಗಳ ಬಳಿಯಲ್ಲಿಯೇ ಕಾವಲಿರುವುದು. ಅವು ಒಡೆಯಲು ಸುಮಾರು 2 ತಿಂಗಳು ಬೇಕು.

ಈ ಮೊಟ್ಟೆಗಳನ್ನು ಕಾಯುವವನು ಕೋಳಿಯಿಂದ ಕಲಿತ ಪಾಠವನ್ನು ಮೊದಲು ಮರೆಯಬೇಕು. ಕೋಳಿ ತನ್ನ ಮೊಟ್ಟೆಗಳನ್ನು ದಿನವೂ ಹೊರಳಿಸುತ್ತದೆ. ಹಾವಿನ ಮೊಟ್ಟೆಯನ್ನು ಹೊರಳಿಸಿದರೆ ಒಳಗಿನ ಭ್ರೂಣಕ್ಕೆ ಪ್ರಾಣಾಪಾಯ. ಆದುದರಿಂದ ಬಲ್ಲವರು ಮೊಟ್ಟೆಯನ್ನು ಎತ್ತುವ ಮುನ್ನ ಮೇಲ್ಭಾಗಕ್ಕೆ ಪೆನ್ಸಿಲ್ಲಿನಿಂದ ಮೆಲ್ಲನೆ ಗುರುತು ಮಾಡಿಕೊಂಡು, ಅದೇ ಭಾಗ ಮೇಲಿರುವಂತೆ ಡಬ್ಬಿಯಲ್ಲಿ ಇರಿಸುವರು. ಡಬ್ಬಿಯೊಳಗೆ ನೀರು ಹಿಂಡಿ ತೆಗೆದ ತೆಂಗಿನ ನಾರಿನ ಪುಡಿಯ ಹಾಸು. ಶಾಖ 28ರಿಂದ 30 ಡಿಗ್ರಿಯ ಆಸುಪಾಸು. ಹಾವಿನ ಮೊಟ್ಟೆಯ ಚಿಪ್ಪು ಸುಣ್ಣದಂತೆ ಗಡುಸಾದುದಲ್ಲ, ಚರ್ಮಪತ್ರದಂತೆ ಮೆತುವಾದುದು. ತೇವ ತಗ್ಗಿದರೆ ಸೊರಗುವುದು, ಮಿಗಿಲಾದರೆ ಬೂಷ್ಟು ಹಿಡಿಯುವುದು. ಇವೆಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ ಅಂಟಿಕೊಂಡ ಗೊಂಚಲನ್ನು ಬಿಡಿಸಬಾರದೆಂಬುದು. ನಡುವೆ ಒಂದು ಮೊಟ್ಟೆ ಕೆಟ್ಟಿದ್ದರೂ, ಅದನ್ನು ಕೀಳಹೋಗಿ ಪಕ್ಕದ ಚಿಪ್ಪನ್ನು ಹರಿಯುವುದಕ್ಕಿಂತ, ಹಾಗೆಯೇ ಬಿಡುವುದೇ ಲೇಸೆಂದು ಅನುಭವಸ್ಥರು ಬಲ್ಲರು.

ಚಿಪ್ಪು ಹರಿದೀತೆಂಬ ಭಯದಿಂದ ಹುಟ್ಟಿದ ಈ ನಿಯಮಕ್ಕೆ ವಿಜ್ಞಾನವು ಇತ್ತೀಚೆಗೆ ಇನ್ನೂ ಆಳವಾದ ಅರ್ಥವೊಂದನ್ನು ಕೊಟ್ಟಿದೆ. ಮೊಟ್ಟೆಗಳು ಒಂದರ ಇರವನ್ನು ಇನ್ನೊಂದು ಬಲ್ಲವೆ, ಒಂದು ಒಡೆಯುವುದಕ್ಕೂ ನೆರೆಯದು ಒಡೆಯುವುದಕ್ಕೂ ಸಂಬಂಧವುಂಟೆ ಎಂಬ ಪ್ರಶ್ನೆ ಹಳೆಯದು. ಲಾವುಗೆ ಹಕ್ಕಿಯ ಮರಿಗಳು ಚಿಪ್ಪಿನೊಳಗಿನಿಂದಲೇ ಟಿಕ್‌ಟಿಕ್ ಸದ್ದು ಮಾಡಿ, ಹಿಂದುಳಿದ ಒಡಹುಟ್ಟುಗಳನ್ನು ತ್ವರೆಗೊಳಿಸುವುದನ್ನು 1960ರ ದಶಕದಲ್ಲಿ ಮಾರ್ಗರೆಟ್ ವಿನ್ಸ್ ತೋರಿಸಿಕೊಟ್ಟಿದ್ದರು. ಆಸ್ಟ್ರೇಲಿಯದ ಮರ್ರೆ ನದಿಯ ಆಮೆಯ ಮೊಟ್ಟೆಗಳನ್ನು ಎರಡು ಪಾಲು ಮಾಡಿ, ಒಂದನ್ನು ಬೆಚ್ಚಗೂ ಇನ್ನೊಂದನ್ನು ತಂಪಾಗಿಯೂ ಇಟ್ಟು, ಬಳಿಕ ಮತ್ತೆ ಕೂಡಿಸಿದಾಗ, ತಂಪಿನಲ್ಲಿದ್ದು ಹಿಂದುಳಿದವು ಮುಂದುವರಿದವುಗಳ ಸಂಗಡವೇ ಒಡೆದವೆಂದು ಸ್ಪೆನ್ಸರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಹಾವಿನ ವಿಷಯದಲ್ಲಿ ಉತ್ತರ ಬಂದುದು 2016ರಲ್ಲಿ. ಫ್ರಾನ್ಸಿನ ಫೇಬಿಯನ್ ಓಬ್ರೆ ಮತ್ತು ಸಹೋದ್ಯೋಗಿಗಳು ನೇಟ್ರಿಕ್ಸ್ ಮೌರಾ ಎಂಬ ನೀರುಹಾವಿನ ಮೊಟ್ಟೆಗಳಲ್ಲಿ ಕೆಲವನ್ನು ಗೊಂಚಲಾಗಿಯೂ ಕೆಲವನ್ನು ಒಂಟಿಯಾಗಿಯೂ ಇಟ್ಟು, ಭ್ರೂಣಗಳ ಎದೆಬಡಿತವನ್ನು ಅಳೆದರು. ಒತ್ತಿಕೊಂಡಿರುವ ಭ್ರೂಣಗಳು ನೆರೆಯ ಮೊಟ್ಟೆಯ ಎದೆಬಡಿತವನ್ನೇ ಸೂಚನೆಯಾಗಿ ಗ್ರಹಿಸಿ, ತಮ್ಮ ಬೆಳವಣಿಗೆಯ ಗತಿಯನ್ನು ಅದಕ್ಕೆ ಹೊಂದಿಸಿಕೊಂಡು, ಕೊನೆಗೆ ಒಡೆಯುವ ಕಾಲವನ್ನೂ ಒಂದಾಗಿಸಿಕೊಳ್ಳುತ್ತವೆಂಬುದು ಅವರು ಮುಟ್ಟಿದ ನಿರ್ಣಯ.

ಒಂದು ಚಿಪ್ಪು ಸೀಳಿದ ಕ್ಷಣಕ್ಕೆ ಪಕ್ಕದ್ದು ಬೆಚ್ಚಿ ಎಚ್ಚರಗೊಳ್ಳುವುದೆಂಬ ಚಿತ್ರ ಮನೋಹರವಾದುದೇ ಸರಿ. ಆದರೆ ಇಲ್ಲಿ ಕಂಡುಬಂದ ಸತ್ಯ ಅದಕ್ಕಿಂತ ಗಂಭೀರವಾದುದು: ಜೊತೆಗೂಡುವಿಕೆ ಕೊನೆಯ ದಿನದ ಘಟನೆಯಲ್ಲ, ವಾರಗಳ ಕಾಲ ಕತ್ತಲಲ್ಲಿ ಹದಗೊಂಡ ಲಯ, ಒಂದೇ ತಾಳಕ್ಕೆ ಹೆಜ್ಜೆ ಕೂಡಿಸುವ ಕೋಲಾಟದವರಂತೆ. ನಮ್ಮ ನೀರೊಳ್ಳೆಹಾವನ್ನೂ ಹಿಂದಿನ ಪ್ರಾಣಿಶಾಸ್ತ್ರಜ್ಞರು ನೇಟ್ರಿಕ್ಸ್ ಕುಲದಲ್ಲಿಯೇ ಸೇರಿಸಿದ್ದರೆಂಬುದನ್ನು ನೆನೆದರೆ, ಫ್ರಾನ್ಸಿನ ಈ ಹಾವು ವೃಷಭಾವತಿಯ ಹಾವಿಗೆ ದೂರದ ದಾಯಾದಿಯೆಂಬುದು ತಿಳಿಯಬರುತ್ತದೆ. ಇಂತಹ ಏಕಕಾಲದ ಜನನದಿಂದ ಲಾಭವೂ ಉಂಟು: ಒಂದೊಂದಾಗಿ ಹೊರಬಂದ ಮರಿಯನ್ನು ಮುಂಗುಸಿಯೂ ಕಾಗೆಯೂ ಒಂದೊಂದಾಗಿಯೇ ಹಿಡಿದಾವು, ಎಲ್ಲವೂ ಒಮ್ಮೆಗೇ ಚದುರಿದರೆ ಕೆಲವಾದರೂ ಬದುಕುಳಿಯುವುವು.

ಕರ್ನಾಟಕದಲ್ಲಿ ಈ ವಿದ್ಯೆಗೆ ಗೌರವದ ನೆಲೆಗಳಿವೆ. ರೊಮುಲಸ್ ವಿಟೇಕರರು 2005ರಲ್ಲಿ ಸ್ಥಾಪಿಸಿದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರವು, ತರಗೆಲೆಗಳನ್ನು ಒಟ್ಟಿ ಗೂಡು ಕಟ್ಟುವ ಕಾಳಿಂಗಸರ್ಪದ ಮೊಟ್ಟೆಗಳನ್ನು ಇದ್ದಲ್ಲಿಯೇ ಇರಗೊಟ್ಟು, ಊರಿನವರನ್ನು ಒಪ್ಪಿಸಿ, ಮರಿಗಳಾಗುವವರೆಗೆ ಕಾಯುವ ಪದ್ಧತಿಯನ್ನು ಬೆಳೆಸಿತು. ಅಲುಗಿಸದಿರುವುದೇ ಉತ್ತಮ ರಕ್ಷಣೆಯೆಂಬುದು ಆಗುಂಬೆಯ ಪಾಠ. ಪಾಯ ತೋಡಿದ ನಗರದಲ್ಲಿ ಅದು ಸಾಧ್ಯವಾಗದಾಗ ಮಾತ್ರ ಡಬ್ಬಿಯ ಆಶ್ರಯ. ನಮ್ಮ ಭಾಗದವರಿಗೆ ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಹಾವುಗಳ ಮೊಟ್ಟೆಗಳಿಗೂ ರಕ್ಷಣೆ ನೀಡಿರುವುದರಿಂದ, ಮೊಟ್ಟೆ ಕಂಡವರು ತಾವೇ ಮುಟ್ಟದೆ, ಮಣ್ಣನ್ನು ಮತ್ತೆ ಮೆಲ್ಲನೆ ಮುಚ್ಚಿ, ಬಲ್ಲವರನ್ನು ಕರೆಯುವುದೇ ಧರ್ಮ.

ಅಶ್ವತ್ಥಕಟ್ಟೆಯ ನಾಗರಕಲ್ಲುಗಳಿಗೆ ನಾವು ಹಾಲೆರೆಯುವ ಶ್ರಾವಣದ ಆಸುಪಾಸಿನಲ್ಲಿಯೇ ನಾಗರಮರಿಗಳು ಹೊರಬರುವ ಕಾಲವೂ ಬರುತ್ತದೆ. ಮೂತಿಯ ತುದಿಯ ಪುಟ್ಟ ಮೊಟ್ಟೆಹಲ್ಲಿನಿಂದ ಚಿಪ್ಪನ್ನು ಸೀಳಿ, ತಲೆಯಷ್ಟನ್ನು ಹೊರಗಿಟ್ಟು, ಕೆಲವೊಮ್ಮೆ ಒಂದು ದಿನಪೂರ್ತಿ ಲೋಕವನ್ನು ನೋಡುತ್ತ ಮರಿ ಅಲ್ಲಿಯೇ ಉಳಿಯುವುದು. ಕಾಯುವವನು ಆಗಲೂ ಎಳೆಯುವಂತಿಲ್ಲ, ನೆರವಾಗುವಂತಿಲ್ಲ; ಹಳದಿಯ ಕೊನೆಯ ಅಂಶ ಒಡಲಿಗೆ ಸೇರುವವರೆಗೆ ತಾಳ್ಮೆಯೊಂದೇ ಅವನ ಉಪಕರಣ. ಬಳಿಕ ಮರಿಗಳನ್ನು ತಕ್ಕ ನೆಲೆಯಲ್ಲಿ ಬಿಟ್ಟಾಗ, ಅಷ್ಟು ದಿನ ಜೊತೆಗಿದ್ದವು ಒಂದನ್ನೊಂದು ತಿರುಗಿ ನೋಡದೆ ದಿಕ್ಕಿಗೊಂದಾಗಿ ಹುಲ್ಲಿನಲ್ಲಿ ಮರೆಯಾಗುತ್ತವೆ. ಡಬ್ಬಿಯಲ್ಲಿ ಉಳಿದ ಬರಿಯ ಚಿಪ್ಪುಗಳು ಮಾತ್ರ, ಪೆನ್ಸಿಲ್ಲಿನ ಗುರುತು ಇನ್ನೂ ಅಳಿಯದೆ, ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ.