ಹಳಿಯಡಿಯ ದಿಮ್ಮಿ: ಮರದ ಎಡೆಗೆ ಪ್ಲಾಸ್ಟಿಕ್

ನೇಪರ್‌ವಿಲ್‌ನ ಅನೇಕ ಮನೆಗಳ ಹಿತ್ತಿಲಿನ ಡೆಕ್‌ಗಳು ಮರದ ಹುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆಗಳವು. ಮಳೆ, ಹಿಮ, ಗೆದ್ದಲುಗಳಿಗೆ ಅವು ಸುಲಭವಾಗಿ ಸೋಲುವುದಿಲ್ಲ. ಆದರೆ ಉತ್ತರ ಅಮೆರಿಕದ ರೈಲುಮಾರ್ಗಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸ್ಲೀಪರ್‌ಗಳು ಇಂದಿಗೂ ಮರದವೇ. ಹಿತ್ತಿಲಲ್ಲಿ ಗೆದ್ದ ವಸ್ತು ಹಳಿಯ ಕೆಳಗೆ ಏಕೆ ಹಿಂದುಳಿದಿದೆ?

ಅಮೆರಿಕದಲ್ಲಿ 'ಟೈ' ಎನ್ನಿಸಿಕೊಳ್ಳುವ ಸ್ಲೀಪರ್ ಸುಮಾರು ಎಂಟೂವರೆ ಅಡಿ ಉದ್ದದ, 7 ಅಂಗುಲ ದಪ್ಪ, 9 ಅಂಗುಲ ಅಗಲದ ದಿಮ್ಮಿ. ಒಂದು ಮೈಲಿಗೆ ಮೂರು ಸಾವಿರಕ್ಕೂ ಹೆಚ್ಚು ಬೇಕು. ಎರಡು ಹಳಿಗಳನ್ನು 1435 ಮಿ.ಮೀ. ಅಂತರದಲ್ಲಿ ಹಿಡಿದಿಡುವುದು, ಭಾರವನ್ನು ಜಲ್ಲಿಗೆ ಹಂಚುವುದು ಅದರ ಕೆಲಸ. ತುಂಬಿದ ಸರಕುಬಂಡಿಯ ಒಂದೊಂದು ಅಚ್ಚಿನ ಮೇಲೆ 32 ಟನ್ನುಗಳಷ್ಟು ಭಾರವಿರುತ್ತದೆ. ಮರಕ್ಕೆ ಈ ಭಾರ ದೊಡ್ಡದಲ್ಲ. ಕೊಳೆಯುವುದೇ ಅದರ ಸಂಕಟ. ಷಿಕಾಗೋದ ಎಂಜಿನಿಯರ್ ಆಕ್ಟೇವ್ ಷನೂಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ದಿಮ್ಮಿಗಳಿಗೆ ಒತ್ತಡದಿಂದ ಸಂರಕ್ಷಕಗಳನ್ನು ಊಡಿಸುವ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರು. ರೈಟ್ ಸಹೋದರರಿಗೆ ಹಿತೈಷಿಯಾಗಿದ್ದವರೂ ಇವರೇ. ಕ್ರಿಯೋಸೋಟ್ ಹೀರಿದ ದಿಮ್ಮಿ ದಶಕಗಳ ಕಾಲ ಬಾಳುತ್ತದೆ; ಆದರೆ ಆ ಎಣ್ಣೆ ವಿಷಕಾರಿ.

ಇದಕ್ಕೆ ಪರ್ಯಾಯವಾಗಿ 1990ರ ದಶಕದಲ್ಲಿ ನ್ಯೂಜರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯ, ಇಲಿನಾಯ್‌ನ ಷಾಂಪೇನ್‌ನಲ್ಲಿರುವ ಸೇನೆಯ ನಿರ್ಮಾಣ ಸಂಶೋಧನಾಲಯ ಮತ್ತು ರೈಲು ಕಂಪನಿಗಳು ಮರುಬಳಕೆಯ ಪ್ಲಾಸ್ಟಿಕ್ಕಿನ ಸ್ಲೀಪರ್‌ಗಳನ್ನು ಪರೀಕ್ಷಿಸಿದವು. ಹಾಲಿನ ಕ್ಯಾನು, ಸಾಬೂನಿನ ಬಾಟಲಿಗಳ ಪಾಲಿಥಿಲೀನನ್ನು ತೊಳೆದು, ಚೂರು ಮಾಡಿ, ಕರಗಿಸಿ ಅಚ್ಚಿಗೆ ಒತ್ತುವುದು ಇದರ ಕ್ರಮ. ಡೆಕ್ಕಿನ ಹಲಗೆಗೆ ಬೆರೆಸುವ ಮರದ ಹುಡಿಯನ್ನು ಮೊದಲು ಚೆನ್ನಾಗಿ ಒಣಗಿಸಬೇಕು. ತೇವ ಉಳಿದರೆ ಅದು ಆವಿಯಾಗಿ ಒಳಗೆ ಗುಳ್ಳೆಗಳೇಳುತ್ತವೆ. ಕಾವು ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹುಡಿ ಸೀಯುತ್ತದೆ. ಮರ ನೀರನ್ನು ಹೀರುವಂಥದು, ಪಾಲಿಥಿಲೀನ್ ನೀರನ್ನು ದೂಡುವಂಥದು. ಇವೆರಡನ್ನು ಬೆಸೆಯಲು ಮೂರನೆಯ ರಾಸಾಯನಿಕವೊಂದು ಬೇಕು. ಸ್ಲೀಪರಿಗೆ ಇನ್ನೂ ಹೆಚ್ಚಿನ ಬಿಗಿ ಬೇಕಾದುದರಿಂದ ಮರದ ಹುಡಿಗಿಂತ ಗಾಜಿನ ನಾರನ್ನೇ ಹೆಚ್ಚಾಗಿ ಬಳಸುತ್ತಾರೆ. ದಪ್ಪ ದಿಮ್ಮಿಯ ಹೊರಮೈ ಮೊದಲು ಗಟ್ಟಿಯಾಗುತ್ತದೆ. ತಡವಾಗಿ ಆರುವ ಒಳಭಾಗ ಕುಗ್ಗಿ ಪೊಳ್ಳುಬೀಳದಂತೆ ನೊರೆಯೇಳಿಸುವ ಪದಾರ್ಥವನ್ನೂ ಸೇರಿಸುವುದುಂಟು.

ತೊಡಕಿರುವುದು ಇಲ್ಲಿಯೇ. ಬರಿಯ ಪಾಲಿಥಿಲೀನ್ ಕಾವಿಗೆ ಉಕ್ಕಿನ ಹತ್ತರಷ್ಟು ಹಿಗ್ಗುತ್ತದೆ. ಇಲಿನಾಯ್‌ನ ಚಳಿಗಾಲದಿಂದ ಬೇಸಗೆಗೆ 60 ಡಿಗ್ರಿಗಳ ವ್ಯತ್ಯಾಸವಾದರೆ ಹಳಿಗಳ ಅಂತರವೇ ಸುಮಾರು ಒಂದು ಸೆಂಟಿಮೀಟರ್ ಬದಲಾದೀತು. ಗಾಜಿನ ನಾರು ಇದನ್ನು ಬಹಳಷ್ಟು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ದೀರ್ಘಕಾಲದ ಭಾರಕ್ಕೆ ಪ್ಲಾಸ್ಟಿಕ್ ನಿಧಾನವಾಗಿ ಜಗ್ಗುತ್ತದೆ; ಮೊಳೆ ಹೊಡೆದೆಡೆ ಬಿರುಕು ಬಿಡುವ ಭಯವೂ ಇದೆ. ಬೆಲೆಯೂ ಮರಕ್ಕಿಂತ ಹೆಚ್ಚು.

ಹಾಗೆಂದು ಇದನ್ನು ವಿಫಲ ವಸ್ತುವೆನ್ನಲಾಗದು. ಷಿಕಾಗೋದ ಎತ್ತರದ ರೈಲುಮಾರ್ಗದಲ್ಲಿ ಜಲ್ಲಿಯಿಲ್ಲ; ದಿಮ್ಮಿಗಳು ಉಕ್ಕಿನ ತೊಲೆಗಳ ಮೇಲೆ ನೇರವಾಗಿ ಕೂರುತ್ತವೆ. ಅಲ್ಲಿ ಕಾಂಕ್ರೀಟ್ ತೀರಾ ಭಾರ, ಮರ ಕೊಳೆಯುತ್ತದೆ. ಆದ್ದರಿಂದ ಆ ಮಾರ್ಗದ ಕೆಲವೆಡೆ ಪ್ಲಾಸ್ಟಿಕ್ ಸ್ಲೀಪರ್‌ಗಳು ಬಂದಿವೆ. ಬಹುತೇಕ ಕಾಂಕ್ರೀಟಿಗೆ ಹೊರಳಿರುವ ಭಾರತೀಯ ರೈಲ್ವೆಯೂ ಇದೇ ಕಾರಣಕ್ಕೆ ಉಕ್ಕಿನ ಗರ್ಡರ್ ಸೇತುವೆಗಳ ಮೇಲೆ ಇಂಥ ಮಿಶ್ರವಸ್ತುವನ್ನು ಬಳಸತೊಡಗಿದೆ. ಹೊಸ ವಸ್ತುವೊಂದು ಹಳೆಯದನ್ನು ಎಲ್ಲೆಡೆಯಿಂದ ಓಡಿಸಬೇಕಾಗಿಲ್ಲ. ಮರ ಬಾಳದ, ಕಾಂಕ್ರೀಟ್ ಸಲ್ಲದ ಎಡೆಯಲ್ಲಿ ನಿಂತರೂ ಅದು ಸಾರ್ಥಕವೇ.