ನ್ಯೂಟ್ರಿನೊ ಮತ್ತು ಕೋಲಾರದ ಗಣಿ: ಒಂದು ಪರಿಚಯ

ಭೌತವಿಜ್ಞಾನದಲ್ಲಿ ಕೆಲವು ವಸ್ತುಗಳು ಮೊದಲು ಪ್ರಯೋಗದಲ್ಲಿ ಗೋಚರಿಸಿ ಅನಂತರ ವಿವರಣೆಗೆ ಒಳಪಟ್ಟಿವೆ. ಮತ್ತೆ ಕೆಲವು ಮೊದಲು ಲೆಕ್ಕದಲ್ಲಿ ಕಾಣಿಸಿಕೊಂಡು, ಬಹುಕಾಲದ ಮೇಲೆ ಪ್ರಯೋಗಕ್ಕೆ ಸಿಕ್ಕಿವೆ. ನ್ಯೂಟ್ರಿನೊ ಎಂಬ ಕಣವು ಎರಡನೆಯ ವರ್ಗಕ್ಕೆ ಸೇರಿದುದು. ಇದಕ್ಕೆ ವಿದ್ಯುದಂಶವಿಲ್ಲ, ರಾಶಿಯು ಅತ್ಯಲ್ಪ, ದ್ರವ್ಯದೊಡನೆ ಇದರ ಸಂಬಂಧವಂತೂ ಇಲ್ಲವೆನ್ನುವಷ್ಟು ದುರ್ಬಲ. ಸೂರ್ಯನಿಂದ ಹೊರಟ ನ್ಯೂಟ್ರಿನೊಗಳು ಭೂಮಿಯ ಬಳಿ ಪ್ರತಿ ಚದರ ಸೆಂಟಿಮೀಟರಿನಲ್ಲಿ ಸೆಕೆಂಡಿಗೆ 6,000 ಕೋಟಿಗೂ ಮಿಕ್ಕು ಹಾದುಹೋಗುತ್ತಿದ್ದರೂ ನಮಗೆ ಅದರ ಅರಿವೇ ಆಗುವುದಿಲ್ಲ. ಇಂಥ ಕಣವನ್ನು ಊಹಿಸಬೇಕಾಗಿ ಬಂದುದು ಏಕೆ, ಹಿಡಿದುದು ಹೇಗೆ, ಆ ಕಾರ್ಯದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೆ ದೊರೆತ ಸ್ಥಾನವೇನು ಎಂಬುದನ್ನು ಸ್ಥೂಲವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ಕಾಣೆಯಾದ ಶಕ್ತಿ

ವಿಕಿರಣಪಟು ಪರಮಾಣುಬೀಜವೊಂದು ಬೀಟಾ ಕಿರಣವನ್ನು, ಎಂದರೆ ಎಲೆಕ್ಟ್ರಾನನ್ನು, ಹೊರಚೆಲ್ಲಿ ಬೇರೊಂದು ಬೀಜವಾಗಿ ಮಾರ್ಪಡುತ್ತದೆಯಷ್ಟೆ. ಮೊದಲಿನ ಬೀಜದ ಶಕ್ತಿಯೂ ಕೊನೆಯ ಬೀಜದ ಶಕ್ತಿಯೂ ಗೊತ್ತಾದವುಗಳಾದ್ದರಿಂದ ಅವುಗಳ ವ್ಯತ್ಯಾಸವೂ ಗೊತ್ತಾದುದೇ. ಆ ವ್ಯತ್ಯಾಸವೆಲ್ಲ ಎಲೆಕ್ಟ್ರಾನಿನ ಪಾಲಿಗೆ ಬರುವುದಾದರೆ ಎಲ್ಲ ಎಲೆಕ್ಟ್ರಾನುಗಳೂ ಒಂದೇ ಶಕ್ತಿಯಿಂದ ಹೊರಬರಬೇಕು. ಆದರೆ 1914ರಲ್ಲಿ ಚಾಡ್ವಿಕ್ ನಡೆಸಿದ ಪ್ರಯೋಗದಲ್ಲಿ ಶೂನ್ಯದಿಂದ ಹಿಡಿದು ಒಂದು ಗರಿಷ್ಠ ಮಿತಿಯವರೆಗೆ ಎಲ್ಲ ಬಗೆಯ ಶಕ್ತಿಯುಳ್ಳ ಎಲೆಕ್ಟ್ರಾನುಗಳೂ ಕಂಡುಬಂದವು.

ಉಳಿದ ಶಕ್ತಿಯು ಬೇರೆ ಯಾವುದಾದರೂ ರೂಪದಲ್ಲಿ ಹತ್ತಿರದಲ್ಲೇ ಅಡಗಿರಬಹುದೆ? 1927ರಲ್ಲಿ ಎಲ್ಲಿಸ್ ಮತ್ತು ವೂಸ್ಟರ್ ಈ ಸಂಶಯವನ್ನು ಉಷ್ಣಮಾಪನದಿಂದ ಪರೀಕ್ಷಿಸಿದರು. ಅವರು ತೆಗೆದುಕೊಂಡ ವಸ್ತುವಿನಲ್ಲಿ (ಇಂದಿನ ಹೆಸರಿನಂತೆ ಬಿಸ್ಮತ್-210) ಎಲೆಕ್ಟ್ರಾನಿನ ಗರಿಷ್ಠ ಶಕ್ತಿ 10 ಲಕ್ಷ ಎಲೆಕ್ಟ್ರಾನ್-ವೋಲ್ಟುಗಳಿಗೂ ಹೆಚ್ಚು. ಆದರೆ ಒಂದೊಂದು ಕ್ಷಯಕ್ಕೂ ದೊರೆತ ಉಷ್ಣವು ಸುಮಾರು 3.5 ಲಕ್ಷ ಎಲೆಕ್ಟ್ರಾನ್-ವೋಲ್ಟು ಮಾತ್ರ. ಉಳಿದುದು ಉಷ್ಣಮಾಪಕದ ಗೋಡೆಗಳನ್ನೂ ದಾಟಿ ಹೋಗಿದ್ದಿತು.

ಈಗ ವಿಜ್ಞಾನಿಗಳ ಮುಂದಿದ್ದುದು ಎರಡೇ ದಾರಿ. ಶಕ್ತಿನಿತ್ಯತೆಯ ನಿಯಮವು ಒಂದೊಂದು ಕ್ಷಯದಲ್ಲಿಯೂ ಪಾಲನೆಯಾಗಬೇಕಾಗಿಲ್ಲ, ಸರಾಸರಿಯಲ್ಲಿ ಮಾತ್ರ ನಿಂತರೆ ಸಾಕು ಎಂದು ಒಪ್ಪುವುದು ಒಂದು. ಬೋರ್ ಮಹಾಶಯರಂಥವರೇ ಇತ್ತ ಒಲಿದಿದ್ದರು. ಎಲೆಕ್ಟ್ರಾನಿನೊಡನೆ ಕಣ್ಣಿಗೆ ಬೀಳದ ಮತ್ತೊಂದು ಕಣವೂ ಹೊರಟು ಶಕ್ತಿಯನ್ನು ಹಂಚಿಕೊಳ್ಳುತ್ತದೆಂದು ಭಾವಿಸುವುದು ಇನ್ನೊಂದು. 1930ರ ಡಿಸೆಂಬರಿನಲ್ಲಿ ಪೌಲಿ ಈ ಎರಡನೆಯದನ್ನು ಬಹು ಸಂಕೋಚದಿಂದ ಒಂದು ಪತ್ರದಲ್ಲಿ ಸೂಚಿಸಿದನು. 1932ರಲ್ಲಿ ನ್ಯೂಟ್ರಾನು ಪತ್ತೆಯಾದ ಮೇಲೆ, ಅದಕ್ಕಿಂತ ಬಹು ಹಗುರಾದ ಈ ಕಣಕ್ಕೆ ನ್ಯೂಟ್ರಿನೊ, ಎಂದರೆ ಇಟಲಿಯ ಭಾಷೆಯಲ್ಲಿ ‘ಪುಟ್ಟ ತಟಸ್ಥ ಕಣ’, ಎಂಬ ಹೆಸರು ರೂಢಿಗೆ ಬಂದಿತು. 1934ರಲ್ಲಿ ಪ್ರಕಟವಾದ ಫರ್ಮಿಯ ಸಿದ್ಧಾಂತವು ಬೀಟಾ ಕಿರಣಗಳ ಶಕ್ತಿಯ ಹಂಚಿಕೆಯನ್ನು ಲೆಕ್ಕದಿಂದ ವಿವರಿಸಿತು.

2. ಹಿಡಿಯುವುದು ಏಕೆ ಕಷ್ಟ

ಊಹೆಯಿಂದ ಒಂದು ತೊಡಕು ಪರಿಹಾರವಾಯಿತಾದರೂ, ಹಿಡಿಯಲಾಗದ ಕಣವೊಂದನ್ನು ಕಲ್ಪಿಸಿ ನಿಯಮವನ್ನು ಉಳಿಸಿಕೊಂಡರೆಂಬ ಆಕ್ಷೇಪಣೆಗೆ ಪ್ರಯೋಗವೇ ಉತ್ತರ ಹೇಳಬೇಕಾಗಿತ್ತು. ಆ ಪ್ರಯೋಗ ಎಷ್ಟು ಕಷ್ಟವೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು. ಕೆಲವು ದಶಲಕ್ಷ ಎಲೆಕ್ಟ್ರಾನ್-ವೋಲ್ಟು ಶಕ್ತಿಯ ನ್ಯೂಟ್ರಿನೊವಿಗೆ ಒಂದು ಪ್ರೋಟಾನು ಅಥವಾ ನ್ಯೂಟ್ರಾನು ಒಡ್ಡುವ ಗುರಿಯ ವಿಸ್ತೀರ್ಣವು ಸುಮಾರು 10⁻⁴⁴ ಚದರ ಸೆಂಟಿಮೀಟರಿನಷ್ಟು ಎಂದು 1934ರಲ್ಲಿ ಬೆತೆ ಮತ್ತು ಪೈಯರ್ಲ್ಸ್ ಅಂದಾಜು ಮಾಡಿದರು. ಘನ ಸೆಂಟಿಮೀಟರಿಗೆ 3 ಗ್ರಾಮು ತೂಗುವ ಬಂಡೆಯಲ್ಲಿ ಇಂಥ ಕಣಗಳು ಸುಮಾರು 1.8 × 10²⁴ ಇರುತ್ತವೆ. ಎರಡನ್ನೂ ಗುಣಿಸಿ ವಿಲೋಮವನ್ನು ತೆಗೆದುಕೊಂಡರೆ, ನ್ಯೂಟ್ರಿನೊ ಒಮ್ಮೆ ತಾಕಬೇಕಾದರೆ ಸರಾಸರಿಯಲ್ಲಿ ಸುಮಾರು 60 ಜ್ಯೋತಿರ್ವರ್ಷಗಳಷ್ಟು ದಪ್ಪದ ಬಂಡೆಯನ್ನು ಹಾಯಬೇಕೆಂದು ಬರುತ್ತದೆ.

ಇದರಿಂದ ನಿರಾಶೆ ಪಡಬೇಕಾಗಿಲ್ಲ. ಒಂದು ನ್ಯೂಟ್ರಿನೊ ತಾಕುವ ಸಂಭವ ಅತ್ಯಲ್ಪವಾದರೂ, ಅಸಂಖ್ಯಾತ ನ್ಯೂಟ್ರಿನೊಗಳನ್ನು ವಿಪುಲವಾದ ದ್ರವ್ಯದ ಮೂಲಕ ಹಾಯಿಸಿದರೆ ಎಲ್ಲೋ ಒಂದಾದರೂ ತಾಕಲೇಬೇಕು. ಪರಮಾಣು ರಿಯಾಕ್ಟರುಗಳು ಇಂಥ ಪ್ರವಾಹವನ್ನು ಒದಗಿಸಿದವು. 1956ರಲ್ಲಿ ಅಮೆರಿಕದ ಸವಾನಾ ನದಿಯ ರಿಯಾಕ್ಟರಿನ ಬಳಿ ರೈನ್ಸ್ ಮತ್ತು ಕೊವಾನ್ ಕ್ಯಾಡ್ಮಿಯಂ ಬೆರೆಸಿದ ನೀರಿನ ತೊಟ್ಟಿಗಳನ್ನಿಟ್ಟು ಕಾದರು. ಪ್ರತಿನ್ಯೂಟ್ರಿನೊವು ನೀರಿನ ಪ್ರೋಟಾನಿಗೆ ತಾಕಿದಾಗ ಒಂದು ಪಾಸಿಟ್ರಾನೂ ಒಂದು ನ್ಯೂಟ್ರಾನೂ ಹುಟ್ಟುತ್ತವೆ. ಪಾಸಿಟ್ರಾನು ಒಡನೆಯೇ ನಾಶವಾಗಿ ಗಾಮಾ ಕಿರಣಗಳನ್ನು ಕೊಡುತ್ತದೆ. ಕೆಲವು ಮೈಕ್ರೊಸೆಕೆಂಡುಗಳ ತರುವಾಯ ಕ್ಯಾಡ್ಮಿಯಂ ಬೀಜವು ನ್ಯೂಟ್ರಾನನ್ನು ಹೀರಿ ಮತ್ತೊಮ್ಮೆ ಗಾಮಾ ಕಿರಣಗಳನ್ನು ಕೊಡುತ್ತದೆ. ಗೊತ್ತಾದ ಅಂತರದಲ್ಲಿ ಬರುವ ಈ ಜೋಡಿ ಸಂಕೇತವೇ ನ್ಯೂಟ್ರಿನೊವಿನ ಗುರುತಾಯಿತು. ಪೌಲಿಯ ಊಹೆಯಾಗಿ 25 ವರ್ಷ ಕಳೆದಿದ್ದವು.

3. ವಿಶ್ವಕಿರಣಗಳ ನ್ಯೂಟ್ರಿನೊ

ಇದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಶಕ್ತಿಯ ನ್ಯೂಟ್ರಿನೊಗಳನ್ನು ಪ್ರಕೃತಿಯೇ ನಮ್ಮ ವಾಯುಮಂಡಲದಲ್ಲಿ ಸೃಷ್ಟಿಸುತ್ತದೆ. ಹೊರ ಆಕಾಶದಿಂದ ಬರುವ ವಿಶ್ವಕಿರಣಗಳಲ್ಲಿ ಬಹುಭಾಗ ಪ್ರೋಟಾನುಗಳೇ. ಇವು ಗಾಳಿಯ ಪರಮಾಣುಬೀಜಗಳಿಗೆ ಬಡಿದಾಗ ಪಯಾನುಗಳು ಹುಟ್ಟುತ್ತವೆ. ವಿದ್ಯುದಂಶವುಳ್ಳ ಪಯಾನು ಅಳಿದು ಮ್ಯೂಯಾನು ಮತ್ತು ನ್ಯೂಟ್ರಿನೊ ಆಗುತ್ತದೆ. ಮ್ಯೂಯಾನು ಎಂಬುದು ಎಲೆಕ್ಟ್ರಾನಿನ ಸ್ವಭಾವದ, ಅದಕ್ಕಿಂತ ಸುಮಾರು 207 ಪಟ್ಟು ಭಾರವಾದ ಕಣ. ನಾವು ಚಾಚಿದ ಅಂಗೈಯ ಮೂಲಕ ಸೆಕೆಂಡಿಗೆ ಒಂದೆರಡು ಮ್ಯೂಯಾನುಗಳು ಸದಾ ಹಾದುಹೋಗುತ್ತಿರುತ್ತವೆ.

ನ್ಯೂಟ್ರಿನೊ ತಾಕುವ ಸಂಭವವು ಅದರ ಶಕ್ತಿಯೊಡನೆ ಬೆಳೆಯುತ್ತದೆ. 100 ಕೋಟಿ ಎಲೆಕ್ಟ್ರಾನ್-ವೋಲ್ಟಿನ ನ್ಯೂಟ್ರಿನೊವಿಗೆ ಗುರಿಯ ವಿಸ್ತೀರ್ಣವು ಸುಮಾರು 10⁻³⁸ ಚದರ ಸೆಂಟಿಮೀಟರು. ಮೇಲಿನ ಲೆಕ್ಕದಂತೆಯೇ ನಡೆದರೆ ಬಂಡೆಯಲ್ಲಿ ಇದರ ಸರಾಸರಿ ಹಾದಿ ಸುಮಾರು 56 ಕೋಟಿ ಕಿಲೋಮೀಟರು. ಇಡೀ ಭೂಮಿಯು ಅದೇ ಬಂಡೆಯಿಂದ ಆದುದೆಂದು ಭಾವಿಸಿದರೂ, ಅದರ ವ್ಯಾಸವನ್ನು ಹಾಯುವ 40,000ಕ್ಕೂ ಮಿಕ್ಕ ನ್ಯೂಟ್ರಿನೊಗಳಲ್ಲಿ ಒಂದು ಮಾತ್ರ ತಾಕುತ್ತದೆ.

ಹೀಗೆ ತಾಕಿದ ನ್ಯೂಟ್ರಿನೊ ಬಂಡೆಯೊಳಗೆ ಒಂದು ಮ್ಯೂಯಾನನ್ನು ಹುಟ್ಟಿಸುತ್ತದೆ. 1,000 ಕೋಟಿ ಎಲೆಕ್ಟ್ರಾನ್-ವೋಲ್ಟಿನ ಮ್ಯೂಯಾನು ಬಂಡೆಯಲ್ಲಿ ಸುಮಾರು 17 ಮೀಟರು ಚಲಿಸಬಲ್ಲದು. ಆದ್ದರಿಂದ ಉಪಕರಣದೊಳಗೇ ನ್ಯೂಟ್ರಿನೊ ತಾಕಬೇಕೆಂಬ ನಿರ್ಬಂಧವಿಲ್ಲ. ಸುತ್ತಲ ಬಂಡೆಯೇ ಗುರಿಯಾಗುತ್ತದೆ, ಉಪಕರಣವು ಅಲ್ಲಿಂದ ಹೊರಬಂದ ಮ್ಯೂಯಾನನ್ನು ಗುರುತಿಸಿದರೆ ಸಾಕು. 1960ರಲ್ಲಿ ರಷ್ಯದ ಮಾರ್ಕೊವ್ ಮತ್ತು ಅಮೆರಿಕದ ಗ್ರೈಸೆನ್ ಈ ಮಾರ್ಗವನ್ನು ಸೂಚಿಸಿದರು. ಆದರೆ ಭೂಮಿಯ ಮೇಲೆ ವಾಯುಮಂಡಲದ ಮ್ಯೂಯಾನುಗಳ ಮಳೆಯೇ ಸುರಿಯುತ್ತಿರುವಾಗ ನ್ಯೂಟ್ರಿನೊ ಕೊಟ್ಟ ಒಂದನ್ನು ಬೇರ್ಪಡಿಸುವುದು ಅಸಾಧ್ಯ. ಆ ಮಳೆಯನ್ನು ತಡೆಯುವಷ್ಟು ದಪ್ಪದ ಸೂರು ಬೇಕು. ಅಂಥ ಸೂರು ಆಳವಾದ ಗಣಿಯಲ್ಲಲ್ಲದೆ ಬೇರೆಲ್ಲಿಯೂ ಸುಲಭವಾಗಿ ಸಿಕ್ಕದು.

4. ಕೋಲಾರದ ಪ್ರಯೋಗ

ಕೋಲಾರದ ಚಿನ್ನದ ಗಣಿಗಳು ಜಗತ್ತಿನ ಅತ್ಯಂತ ಆಳವಾದ ಗಣಿಗಳ ಸಾಲಿಗೆ ಸೇರಿದ್ದವು. ಭಾಭಾ ಅವರ ಸೂಚನೆಯಂತೆ 1950ರ ದಶಕದ ಆರಂಭದಲ್ಲಿಯೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ ಅವರು ಇಲ್ಲಿ ಮ್ಯೂಯಾನುಗಳನ್ನು ಅಳೆಯತೊಡಗಿದರು. ಆಳ ಹೆಚ್ಚಿದಂತೆ ಮ್ಯೂಯಾನುಗಳು ಹೇಗೆ ಕಡಮೆಯಾಗುತ್ತವೆಂಬುದೇ ಆಗಿನ ಪ್ರಶ್ನೆ. 1960ರ ದಶಕದ ಮೊದಲಲ್ಲಿ ಅಳತೆಗಳು ಇನ್ನೂ ಕೆಳಕ್ಕೆ ಇಳಿದುವು. ಸುಮಾರು 2,760 ಮೀಟರು ಆಳದಲ್ಲಿಟ್ಟ ಉಪಕರಣವು ವಾರಗಟ್ಟಲೆ ಕಾದರೂ ಒಂದು ಮ್ಯೂಯಾನನ್ನೂ ದಾಖಲೆ ಮಾಡಲಿಲ್ಲ.

ಇದು ನಿಷ್ಫಲವಾದ ಪ್ರಯೋಗವೆಂದು ಯಾರಿಗಾದರೂ ತೋರಬಹುದು. ವಾಸ್ತವವಾಗಿ ಇದೇ ಮುಂದಿನ ಪ್ರಯೋಗಕ್ಕೆ ತಳಹದಿಯಾಯಿತು. ವಾಯುಮಂಡಲದ ಮ್ಯೂಯಾನುಗಳು ಇಷ್ಟು ವಿರಳವಾದ ಕಡೆಯಲ್ಲಿ ಯಾವುದಾದರೂ ಮ್ಯೂಯಾನು ಕಂಡಲ್ಲಿ, ವಿಶೇಷವಾಗಿ ಅದು ಪಕ್ಕದಿಂದ ಬಂದುದಾದಲ್ಲಿ, ಅದನ್ನು ನ್ಯೂಟ್ರಿನೊವಿನ ಕೊಡುಗೆಯೆಂದು ಹೇಳಲು ಈ ಶೂನ್ಯವೇ ಆಧಾರವನ್ನು ಒದಗಿಸಿತು.

ಟಾಟಾ ಸಂಸ್ಥೆ, ಜಪಾನಿನ ಒಸಾಕ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳು ಕೂಡಿ, ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರು ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿದುವು. ಮೆನನ್, ಮಿಯಾಕೆ, ವುಲ್ಫೆಂಡೇಲ್ ಮೊದಲಾದವರು ಈ ಕಾರ್ಯದಲ್ಲಿದ್ದರು. ಇಲ್ಲಿಯ ಶಿಲೆ ನೀರಿಗಿಂತ ಮೂರು ಪಟ್ಟು ಸಾಂದ್ರವಾದುದರಿಂದ ಈ ಸೂರು ಸುಮಾರು 7 ಕಿಲೋಮೀಟರು ನೀರಿಗೆ ಸಮಾನ. ಎರಡು ಪಕ್ಕದಲ್ಲಿಯೂ ಪ್ಲಾಸ್ಟಿಕ್ ಸಿಂಟಿಲೇಟರುಗಳ ಗೋಡೆ, ನಡುವೆ ನಿಯಾನ್ ತುಂಬಿದ ಗಾಜಿನ ನಳಿಗೆಗಳ ಸಾಲುಗಳು ಮತ್ತು ಸೀಸದ ಫಲಕಗಳು: ಇದು ಉಪಕರಣದ ಸ್ಥೂಲ ರಚನೆ. ಕಣವೊಂದು ಎರಡು ಗೋಡೆಗಳನ್ನೂ ಒಟ್ಟಿಗೆ ಬೆಳಗಿಸಿದಾಗ ನಳಿಗೆಗಳಿಗೆ ಹೆಚ್ಚಿನ ವೋಲ್ಟೇಜು ದೊರೆತು, ಕಣ ಹಾದ ನಳಿಗೆಗಳು ಮಾತ್ರ ಮಿನುಗುತ್ತವೆ. ಅದರ ಛಾಯಾಚಿತ್ರದಿಂದ ಹಾದಿಯ ದಿಕ್ಕು ತಿಳಿಯುತ್ತದೆ.

ಗೋಡೆಗಳನ್ನು ಲಂಬವಾಗಿ ನಿಲ್ಲಿಸಿದುದರಲ್ಲಿ ಪ್ರಯೋಗದ ತಿರುಳಿದೆ. ನೇರ ಮೇಲಿನಿಂದ ಬರುವ ಮ್ಯೂಯಾನು 2.3 ಕಿಲೋಮೀಟರು ಬಂಡೆಯನ್ನು ಹಾಯಬೇಕು. ಲಂಬಕ್ಕೆ 60 ಅಂಶ ಓರೆಯಾಗಿ ಬರುವುದು ಅದರ ಎರಡರಷ್ಟನ್ನು, ಎಂದರೆ 4.6 ಕಿಲೋಮೀಟರನ್ನು, ಹಾಯಬೇಕು. ಕ್ಷಿತಿಜದ ಕಡೆಗೆ ಬಾಗಿದಂತೆಲ್ಲ ಹಾದಿ ಇನ್ನೂ ಉದ್ದವಾಗಿ, ವಾಯುಮಂಡಲದ ಮ್ಯೂಯಾನು ಅಲ್ಲಿಗೆ ತಲಪುವುದೇ ಇಲ್ಲವೆನ್ನಬಹುದು. ನ್ಯೂಟ್ರಿನೊವಿಗಾದರೋ ಎಲ್ಲ ದಿಕ್ಕುಗಳೂ ಒಂದೇ. ಆದ್ದರಿಂದ ಅಡ್ಡವಾಗಿ ಹಾದ ಮ್ಯೂಯಾನು ನ್ಯೂಟ್ರಿನೊವಿನಿಂದ ಹುಟ್ಟಿದುದೇ ಆಗಿರಬೇಕು. ಇಂಥ ಕೆಲವೇ ಘಟನೆಗಳ ಆಧಾರದಿಂದ ಈ ತಂಡದ ಲೇಖನವು 1965ರ ಆಗಸ್ಟಿನಲ್ಲಿ ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಅನ್ವೇಷಣೆಯಲ್ಲಿದ್ದ ರೈನ್ಸ್ ತಂಡದ ಲೇಖನವೂ ಅದೇ ತಿಂಗಳಲ್ಲಿ ಹೊರಬಂದಿತು. ವಾಯುಮಂಡಲದ ನ್ಯೂಟ್ರಿನೊಗಳು ಹೀಗೆ ಎರಡು ಗಣಿಗಳಲ್ಲಿ, ಸ್ವತಂತ್ರವಾಗಿ, ಒಂದೇ ಕಾಲದಲ್ಲಿ ಸಿಕ್ಕಿದುವು.

5. ಮುಂದಿನ ಬೆಳವಣಿಗೆ

ಆಮೇಲಿನ ಚರಿತ್ರೆಯೂ ಬಹುಮಟ್ಟಿಗೆ ಗಣಿಗಳ ಚರಿತ್ರೆಯೇ. ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ ಡೇವಿಸ್ ಸೂರ್ಯನ ನ್ಯೂಟ್ರಿನೊಗಳನ್ನು ಎಣಿಸಿ, ನಿರೀಕ್ಷೆಯ ಮೂರನೆಯ ಒಂದು ಪಾಲು ಮಾತ್ರ ಇರುವುದನ್ನು ಕಂಡನು. 1998ರಲ್ಲಿ ಜಪಾನಿನ ಕಾಮಿಯೋಕ ಗಣಿಯ 50,000 ಟನ್ ನೀರಿನ ತೊಟ್ಟಿಯು, ವಾಯುಮಂಡಲದ ಮ್ಯೂಯಾನ್-ನ್ಯೂಟ್ರಿನೊಗಳು ಭೂಮಿಯನ್ನು ಹಾದು ಬರುವಷ್ಟರಲ್ಲಿ ಕಡಮೆಯಾಗುತ್ತವೆಂದು ತೋರಿಸಿತು. ಕೆನಡದ ಸಡ್ಬರಿಯ ನಿಕಲ್ ಗಣಿಯ ಪ್ರಯೋಗವು 2001 ಮತ್ತು 2002ರಲ್ಲಿ ಸೂರ್ಯನ ನ್ಯೂಟ್ರಿನೊಗಳು ಕಳೆದುಹೋಗಿಲ್ಲ, ಹಾದಿಯಲ್ಲಿ ಬಗೆಯನ್ನು ಬದಲಿಸಿವೆಯೆಂದು ಸ್ಥಾಪಿಸಿತು. ನ್ಯೂಟ್ರಿನೊಗಳಲ್ಲಿ ಮೂರು ಬಗೆ. ಒಂದು ಬಗೆ ಇನ್ನೊಂದಾಗಬೇಕಾದರೆ ಅವುಗಳಿಗೆ ರಾಶಿಯಿರಲೇಬೇಕು. ಈ ಶೋಧಕ್ಕಾಗಿ ಕಾಜಿತ ಮತ್ತು ಮೆಕ್‌ಡೊನಾಲ್ಡ್ ಅವರಿಗೆ 2015ರ ನೊಬೆಲ್ ಪಾರಿತೋಷಕ ದೊರೆಯಿತು. 1965ರಲ್ಲಿ ಕೋಲಾರದಲ್ಲಿ ಬೆರಳೆಣಿಕೆಯಷ್ಟು ಸಿಕ್ಕಿದ ಜಾತಿಯ ಕಣಗಳೇ ಕಾಮಿಯೋಕದಲ್ಲಿ ಸಾವಿರಗಟ್ಟಲೆ ಸಿಕ್ಕಿ ಈ ನಿರ್ಣಯಕ್ಕೆ ಎಡೆಗೊಟ್ಟವು.

ಕೋಲಾರದಲ್ಲಿ 1980ರ ದಶಕದಲ್ಲಿ 140 ಟನ್ ಕಬ್ಬಿಣದ ಉಪಕರಣದಿಂದ ಪ್ರೋಟಾನು ಅಳಿಯುವುದೇ ಎಂಬ ಪ್ರಶ್ನೆಯನ್ನು ಕುರಿತು ಸಂಶೋಧನೆ ನಡೆಯಿತು. ಅಲ್ಲಿಯ ಚಿನ್ನದ ಗಣಿಗಾರಿಕೆ 2001ರಲ್ಲಿ ನಿಂತುಹೋಯಿತು. ಚಿನ್ನಕ್ಕಾಗಿ ತೋಡಿದ ಆಳವನ್ನು ವಿಜ್ಞಾನವು ಎರವಲು ಪಡೆದಿದ್ದಿತು. ಗಾಳಿಯನ್ನು ಕಳುಹಿಸುವ, ನೀರನ್ನು ಎತ್ತುವ, ಜನರನ್ನು ಇಳಿಸಿ ಹತ್ತಿಸುವ ಗಣಿಯ ಕಾರ್ಯವೇ ನಿಂತಾಗ ಆ ಆಳದ ಬಾಗಿಲು ಸಂಶೋಧಕರಿಗೂ ಮುಚ್ಚಿತು.

ತಿಳಿಯಬೇಕಾದುದು ಇನ್ನೂ ಬಹಳವಿದೆ. ನ್ಯೂಟ್ರಿನೊವಿನ ರಾಶಿಗೆ ಮಿತಿಯಷ್ಟೇ ಗೊತ್ತು: 2025ರಲ್ಲಿ ಜರ್ಮನಿಯ ಕಾಟ್ರಿನ್ ಪ್ರಯೋಗವು ಪ್ರಕಟಿಸಿದಂತೆ ಅದು 0.45 ಎಲೆಕ್ಟ್ರಾನ್-ವೋಲ್ಟನ್ನು ಮೀರದು. ಎಂದರೆ ಎಲೆಕ್ಟ್ರಾನಿನ ರಾಶಿಯ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಮೆ. ನ್ಯೂಟ್ರಿನೊವೂ ಪ್ರತಿನ್ಯೂಟ್ರಿನೊವೂ ಬೇರೆ ಬೇರೆಯೋ ಒಂದೆಯೋ ಎಂಬುದೂ ನಿರ್ಣಯವಾಗಿಲ್ಲ. ಈ ವಿಷಯವನ್ನು ಅಭ್ಯಾಸ ಮಾಡಬಯಸುವ ವಿದ್ಯಾರ್ಥಿಗಳು ಮೇಲೆ ಕೊಟ್ಟ ಎರಡು ಲೆಕ್ಕಗಳನ್ನು ಸ್ವತಃ ಮಾಡಿ ನೋಡುವುದರಿಂದ ಆರಂಭಿಸಬಹುದು. ಘಟನೆಗಳು ವಿರಳವಾದ ಕ್ಷೇತ್ರದಲ್ಲಿ ಏನು ಕಾಣಬೇಕೆಂಬುದಕ್ಕಿಂತ, ಏನು ಕಾಣಬಾರದೆಂಬುದನ್ನು ಮೊದಲು ಖಚಿತವಾಗಿ ಅಳೆದಿಟ್ಟುಕೊಳ್ಳುವುದು ಅವಶ್ಯಕವೆಂಬ ಪಾಠವು ಕೋಲಾರದ ಪ್ರಯೋಗದಿಂದ ಎಲ್ಲ ಪ್ರಯೋಗಶೀಲರಿಗೂ ದೊರೆಯುತ್ತದೆ.